ಹಕಾರಕ್ಕೆ ಹಾಕಿದ ಗೆರೆಗಳು

ಅಕ್ಕ ಹಾಡುವಾಗ ‘ಹ’ ಬಿಟ್ಟಲ್ಲೆಲ್ಲ ಪುಸ್ತಕದಲ್ಲಿ ಒಂದು ಗೆರೆ ಎಳೆಯುವುದು ನನ್ನ ಕೆಲಸವಾಗಿತ್ತು. ಮೊದಲ ಸೋಮವಾರ ಹದಿನೇಳು ಗೆರೆ, ಗುರುವಾರ ಒಂಬತ್ತು, ಭಾನುವಾರ ನಾಲ್ಕು.

ಕೊಳ್ಳೇಗಾಲದ ಒಂದು ಆರ್ಕೆಸ್ಟ್ರಾದಲ್ಲಿ ಅವಳು ನಾಲ್ಕು ವರ್ಷದಿಂದ ಹಾಡುತ್ತಿದ್ದಳು, ಬಹುಪಾಲು ಹಿಂದೆ ನಿಂತು, ಕೋರಸ್ಸಿನಲ್ಲಿ. ಮೊಬೈಲಿನಲ್ಲಿ ಅಮೆರಿಕದ ಜಾಝ್, ಸೋಲ್ ಹಾಡುಗಳನ್ನು ಕೇಳಿ ಕೇಳಿ ಅವಳ ದನಿಗೆ ಬೇರೆಯೇ ನಡಿಗೆ ಬಂದಿತ್ತು. ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬಂದು ಸ್ವರಕ್ಕೆ ಒರಗಿಕೊಳ್ಳುವಳು. ತಂಡ ನಡೆಸುತ್ತಿದ್ದ ಮೈಸೂರಿನ ಕೀಬೋರ್ಡ್ ಮೇಷ್ಟ್ರಿಗೆ ಅದು ಇಷ್ಟ. ಉಚ್ಚಾರ ಮಾತ್ರ ಇಷ್ಟವಿರಲಿಲ್ಲ.

“ಯಳಂದೂರಿನ ಆರತಕ್ಷತೆಯಲ್ಲಿ ಒಬ್ಬಳೇ ಹಾಡಮ್ಮ. ಅಲ್ಲೂ ‘ಊವು’ ಅಂದ್ರೆ ಮತ್ತೆ ಕೋರಸ್ಸೇ.”

“ಊವು ಅಂದ್ರೆ ವಾಸ್ನೆ ಓಗ್ಬುಟ್ಟದಾ ಸಾ?” ಎಂದಳು ಅಕ್ಕ. ಆದರೂ ಮನೆಗೆ ಬಂದು ನನ್ನ ಕೈಗೆ ಪೆನ್ನು ಕೊಟ್ಟಳು.

ಯಳಂದೂರಿನಲ್ಲಿ ಒಂದು ‘ಹ’ವೂ ತಪ್ಪಲಿಲ್ಲ. ಬೇಡವಾದಲ್ಲೂ ಬಂತು. ‘ಎದೆ’ ‘ಹೆದೆ’ಯಾಯಿತು, ‘ಆಸೆ’ ‘ಹಾಸೆ’ಯಾಯಿತು. ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ಉಸಿರೆಲ್ಲ ಆ ಒಂದು ಅಕ್ಷರ ಕಾಯುವುದಕ್ಕೇ ಹೋಗಿ ದನಿ ಒಣಗಿತ್ತು. ಹಾಡು ಮುಗಿದಾಗ ಚಪ್ಪಾಳೆ ತಟ್ಟಿದವರು ಏಳು ಜನ, ನನ್ನನ್ನೂ ಸೇರಿಸಿ.

ಅಕ್ಕ ನೀರು ಕುಡಿದಳು. ಮೇಷ್ಟ್ರನ್ನು ಕೇಳದೆಯೇ ತಾನೇ ಕಟ್ಟಿದ ಒಂದು ಹಾಡು ಎತ್ತಿಕೊಂಡಳು. ಅವಳು ಬಸ್ಸಿಗೆ ಹೊರಟಾಗಲೆಲ್ಲ ಅಮ್ಮ ಬಾಗಿಲಲ್ಲಿ ನಿಂತು ಹೇಳುವ ಮಾತೇ ಅದರ ಪಲ್ಲವಿ: “ಓಗ್ಬುಟ್ಟು ಬಾರವ್ವ, ಒತ್ತಾಯ್ತು.” ‘ಓ’ವನ್ನು ಎಳೆದು, ತಡೆದು, ತಾಳ ಮುಂದೆ ಹೋಗಲು ಬಿಟ್ಟು, ಆಮೇಲೆ ನಿಧಾನವಾಗಿ ಬಂದು ಸೇರಿದಳು. ಮೇಷ್ಟ್ರು ಒಮ್ಮೆ ನೋಡಿ, ಕೀಬೋರ್ಡಿನ ಮೇಲೆ ಕೈ ಹಗುರ ಮಾಡಿದರು. ಹಾಲ್‌ನಲ್ಲಿ ಮಾತು ನಿಂತಿತು.

ಹಾಡು ಮುಗಿಯಿತು. ಹೊನ್ನೂರಿನ ಕಡೆಯ ಅಜ್ಜಿಯೊಬ್ಬರು ಕುರ್ಚಿಯಿಂದಲೇ ಕೂಗಿದರು: “ಏಳವ್ವ, ಏಳು.”

ಮೇಷ್ಟ್ರ ಮುಖ ಸಪ್ಪಗಾಯಿತು. ವೈರು ಕೀಳಲು ಬಗ್ಗಿದರು. “ಎದ್ದು ಹೋಗಿ ಅಂತಿದಾರಲ್ಲಮ್ಮ.”

“ಇಲ್ಲ ಸಾ, ಪದ ಏಳು, ಇನ್ನೊಂದ್ಸಲ ಆಡು ಅಂತಾವ್ರೆ. ಕುಂತ್ಕಳಿ.”

ಅದೇ ಹಾಡನ್ನು ಇನ್ನೆರಡು ಸಲ ಹಾಡಿದಳು.

ಸಾಮಾನು ಕಟ್ಟುವಾಗ ಮೇಷ್ಟ್ರು, “ಹನೂರಿನ ಮದುವೆಗೆ ಮೂರು ಹಾಡು ನಿನ್ನವೇ, ನೀನು ಕಟ್ಟಿದ್ದು. ಬಾಯಿಗೆ ಹೆಂಗೆ ಬರುತ್ತೋ ಹಂಗೆ,” ಎಂದರು.

“ಅನೂರ್ಗಾ ಸಾ?”

“ಹೂಂ, ಅನೂರಿಗೇ.”

ಅಕ್ಕನ ಹತ್ತಿರ ಸ್ವಂತದ್ದು ಇದ್ದದ್ದು ಅದೊಂದೇ ಹಾಡು. ವಾಪಸು ಬರುವ ಬಸ್ಸಿನಲ್ಲಿ ಎರಡನೆಯದು ಶುರುವಾಯಿತು.