ಬೈಗುಳ ದಾಟುವ ಗಾಜು

ನವಲಗುಂದದ ನಮ್ಮ ಓಣಿಯಲ್ಲಿ ರೇವವ್ವನ ಕೈಲಿ ಬೈಸಿಕೊಳ್ಳದವನು ಗಂಡಸೇ ಅಲ್ಲ. ಪಕ್ಕದ ಮನೆಯವನಾದ ನಾನು ದಿನಕ್ಕೆ ಎರಡು ಸಲ ಬೈಸಿಕೊಳ್ಳುತ್ತಿದ್ದೆ, ಒಮ್ಮೆ ಮೀಸೆಗೆ, ಒಮ್ಮೆ ನಡಿಗೆಗೆ. ಸೊಂಟ ಮುರಿದು ಎರಡು ವರ್ಷದಿಂದ ಮುದುಕಿ ಮಂಚ ಬಿಟ್ಟಿರಲಿಲ್ಲ. ಬಾಯಿ ಮಾತ್ರ ಕಿಟಕಿಯ ಸರಳು ದಾಟಿ ಊರಬಾಗಿಲ ಅಗಸಿಯತನಕ ಓಡಾಡಿ ಬರುತ್ತಿತ್ತು.

ಆ ಬಾಯಿಗೆ ಖಾಯಂ ಗಿರಾಕಿ ಎದುರುಮನೆಯ ಜುಲೇಖಾಬಿ. ಬೆಳಗಿನ ಚಹಾ ಆದದ್ದೇ ತಡ, ಇವಳು ಕಿಟಕಿಯಲ್ಲಿ, ಅವಳು ತನ್ನ ಕಟ್ಟೆಯ ಮೇಲೆ. ಸೊಸೆಯರ ಸುದ್ದಿ, ಸತ್ತವರ ಹುಳುಕು, ಎಲ್ಲಾ ಆಗುವಾಗ ಮಧ್ಯಾಹ್ನ. "ಮನಿಗೆ ಬಾರಬೇ" ಎಂದು ರೇವವ್ವ ಕರೆದರೆ, "ಮಣಕಾಲು ಹಿಡದಾವ, ಪಾವಟಿಗಿ ಹತ್ತಾಕ ಆಗಂಗಿಲ್ಲ" ಎಂದು ಅವಳು ಜಾರಿಕೊಳ್ಳುತ್ತಿದ್ದಳು. ಕಿಟಕಿಯ ಈ ಹರಟೆಯೊಂದು ಇರದಿದ್ದರೆ ರೇವವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

೧೯೭೪ರ ಬೇಸಿಗೆಯಲ್ಲಿ ಆ ಹಳೇ ಮನೆಯ ಕಿಟಕಿಯ ಕದಗಳು ಗೆದ್ದಲು ಹಿಡಿದು ಉದುರಿದವು. ಎರೆಮಣ್ಣಿನ ಧೂಳು ನೇರ ಮಂಚಕ್ಕೇ ಬಂತು. ಮುದುಕಿಗೆ ಕೆಮ್ಮು ಹತ್ತಿತು. ಮಗ ಶಂಭುಲಿಂಗಪ್ಪ, ಸಾಲಿ ಮಾಸ್ತರ, ಗಾಜು ಕೂರಿಸುವ ದಾವೂದಸಾಬನನ್ನು ಕರೆತಂದ. ದಾವೂದಸಾಬ ಮಾದರಿಗೆಂದು ಮೂರು ತುಂಡು ತಂದಿದ್ದ: ಸಾದಾ, ಹೂವಿನದು, ಹಸಿರು.

"ಹೂವಿಂದ ಹಾಕ್ರಿ. ಮನಿ ಒಳಗಿಂದು ಮಂದಿಗೆ ಕಾಣಬಾರದು" ಎಂದ ಮಾಸ್ತರ.

"ಕಾಣೂದು ತಗೊಂಡು ಏನ ಮಾಡ್ಲಿ? ನನಗ ಮಾತು ದಾಟೂ ಗಾಜು ಬೇಕು. ಲೇ ದಾವೂದ, ಒಂದೊಂದ ನಿನ್ನ ಮಾರಿ ಮುಂದ ಹಿಡಿ, ನಾ ಬೈತೀನಿ. ಕೇಳತೈತೋ ಇಲ್ಲೋ ಹೇಳು."

ದಾವೂದಸಾಬ ಸಾದಾ ಗಾಜು ಹಿಡಿದ.

"ಹುಚ್ಚ ಖೋಡಿ!"

"ಕೇಳಿಸ್ತ್ರಿ."

ಹೂವಿನದು ಹಿಡಿದ.

"ನಿನ್ನ ಬಾಯಾಗ ಮಣ್ಣ ಹಾಕ!"

"ಅಗದಿ ಚಲೋ ಕೇಳಿಸ್ತ್ರಿ ಅವ್ವಾರ."

ಹಸಿರು ಗಾಜಿನಲ್ಲಿ ಬಂದ ಬೈಗುಳವನ್ನು ನಾನು ಬರೆಯಲಾರೆ. ಅದೂ ಕೇಳಿಸಿತು. ರೊಟ್ಟಿಯಗಲದ ತುಂಡು, ದನಿ ಅದರ ಅಂಚು ಸುತ್ತಿ ಬರುತ್ತದೆ ಎಂಬ ಬುದ್ಧಿ ಅಲ್ಲಿದ್ದ ಯಾವ ಶಾಣ್ಯಾನಿಗೂ ಹೊಳೆಯಲಿಲ್ಲ, ನನ್ನನ್ನೂ ಹಿಡಿದು. "ಸಾದಾ ಇರ್ಲಿ, ಜುಲೇಖಾನ ಮಾರಿನೂ ಕಾಣತೈತಿ" ಎಂದಳು ರೇವವ್ವ. ದಾವೂದಸಾಬ ಕಿಟಕಿಯಳತೆಯ ಸಾದಾ ಗಾಜು ಕೂರಿಸಿ, ನಾಲ್ಕೂ ಬಾಜು ಸಂದಿ ಇಲ್ಲದಂತೆ ಮೆತ್ತಿ ಹೋದ.

ಮರುದಿನ ಬೆಳಿಗ್ಗೆ ರೇವವ್ವ ಬಾಯಿ ತೆರೆದಳು. ಹೊರಗೆ ಒಂದಕ್ಷರ ಬರಲಿಲ್ಲ. ಕೂಗಿದಳು, ಕೈ ಆಡಿಸಿದಳು, ಹಣೆ ಬಡಿದುಕೊಂಡಳು. ಕಟ್ಟೆಯ ಮೇಲಿದ್ದ ಜುಲೇಖಾಬಿ ಎದ್ದು ನಿಂತಳು.

"ಯಾ ಅಲ್ಲಾ! ರೇವವ್ವಗ ಲಕ್ವಾ ಹೊಡೀತು! ಬಾಯಿ ಹೋತು!"

ಚಪ್ಪಲಿ ಬಿಟ್ಟು ಓಡಿದಳು. ಪಾವಟಿಗೆಗಳನ್ನು ಗೋಡೆ ಮುಟ್ಟದೆ ಹತ್ತಿದಳು. ಗಾಬರಿಯಾಗಿ ನಾನೂ ಹಿಂದೆ ಹೋದೆ.

"ಕಿವಿ ಸತ್ತಾವೇನಬೇ ನಿನ್ನೂ? ಮುಂಜಾಲಿಂದ ಒದರಾಕ ಹತ್ತೀನಿ!"

ಆ ದನಿ ಕೇಳಿದ್ದೇ ಜುಲೇಖಾಬಿ ಮಂಚದ ಮೇಲೆ ಕುಸಿದು ಅವಳನ್ನು ತಬ್ಬಿಕೊಂಡಳು. "ಬೈಬೇ, ಇನ್ನಷ್ಟು ಬೈ" ಎಂದು ಅಳತೊಡಗಿದಳು.

"ಮಣಕಾಲು ಮಣಕಾಲು ಅಂತ ಎರಡ ವರ್ಷ ಸುಳ್ಳ ಹೇಳಿದ್ಯಲ್ಲ, ಕಳ್ಳಿ!"

"ಕಿಡಕ್ಯಾಗ ನಿನ್ನ ಮಾರಿ ಅಷ್ಟ ಕಾಣತಿತ್ತು. ಹಿಂಗ ಬಿದ್ದದ್ದು ನೋಡಾಕ ನನ್ನ ಕೈಲೆ ಆಗ್ತಿದ್ದಿಲ್ಲಬೇ."

ರೇವವ್ವ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳೂ ಅತ್ತಳು. ಮಾಸ್ತರ ಪೆಚ್ಚಾಗಿ ಕೇಳಿದ: "ಅವ್ವಾ, ಗಾಜು ತಗಸ್ಲೇನು?"

"ಮುಟ್ಟಿದ್ರ ಕೈ ಮುರೀತೀನಿ" ಎಂದಳು, ಜುಲೇಖಾಬಿಯ ಕೈ ಬಿಡದೆ. "ಅದನ್ನ ತಗದ್ರ ಈಕಿ ನಾಳೆ ಮತ್ತ ಅಲ್ಲೇ ಕುಂದರತಾಳ."