ನಲವತ್ತೆಂಟಕ್ಕೆ ನಿವೃತ್ತಿಯ ಬಾಡೂಟ

ಬಿಡದಿಯ ಕಾರ್ಖಾನೆಯವರು ನನ್ನನ್ನು ಕೆಲಸದಿಂದ ತೆಗೆದಾಗ ನನಗೆ ನಲವತ್ತೆಂಟು. ಹೊಸ ಯಂತ್ರ ಬಂತು, ನಮ್ಮ ವಿಭಾಗ ಹೋಯಿತು. ಪರಿಹಾರ ಅಂತ ಒಂದು ಇಡಿಗಂಟು ಕೊಟ್ಟು, ಕೈ ಕುಲುಕಿ ಕಳಿಸಿದರು.

ಚನ್ನಪಟ್ಟಣದ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಅವತ್ತೇ ತೀರ್ಮಾನಿಸಿದಳು. ಬೇರೆ ಕೆಲಸ ಸಿಗುವವರೆಗೆ ಪರಿಹಾರದ ದುಡ್ಡಲ್ಲಿ ಮನೆ ನಡೆಯಬೇಕು, ಪಿಎಫ್ ಮುಟ್ಟಬಾರದು. "ಅದು ನಮ್ಮ ಮುಪ್ಪಿನ ಅನ್ನ. ಈಗ್ಲೇ ಉಂಡ್ರೆ ಆಮೇಲೆ ಏನ್ ಉಣ್ಣದು?" ಮಗಳ ಮನೆಗೆ ಹೋಗಿ ಬೀಳುವುದು ಇಬ್ಬರಿಗೂ ಬೇಡವಾಗಿತ್ತು.

ಅಕ್ಕೂರಿನ ದೊಡ್ಡಪ್ಪನಿಗೆ ಅನ್ನಕ್ಕಿಂತ ಮಾನದ ಚಿಂತೆ. "ಕೆಲ್ಸದಿಂದ ತೆಗೆದ್ರು ಅಂದ್ರೆ ಏನೋ ಕದ್ದವ್ನೆ ಅಂತಾರೆ ಕಣ್ಲಾ. ರಿಟೈರಾದೆ ಅಂದ್ಬುಡು."

ನಮ್ಮ ಕಡೆ ರಿಟೈರಾದವನು ಸುಮ್ಮನೆ ಮನೆಗೆ ಬರುವಂತಿಲ್ಲ. ಹಾರ, ಶಾಲು, ಬಾಡೂಟ ಎಲ್ಲ ಆಗಬೇಕು. ಆಯಿತು. ಕುರಿಗಳು ಬಿದ್ದವು, ಊರು ಉಂಡಿತು, ಪರಿಹಾರ ಅರ್ಧ ಕರಗಿತು. ಮೇಷ್ಟ್ರೊಬ್ಬರು ನನ್ನ ಸಾರ್ಥಕ ಸೇವೆಯ ಬಗ್ಗೆ ಭಾಷಣ ಮಾಡಿದರು. ನನಗೂ ಒಸಿ ನಂಬಿಕೆ ಬಂತು. ಬಡಿಸುತ್ತಿದ್ದ ಹೆಂಡತಿ ಪ್ರತಿ ಎಲೆಗೆ ತುಂಡು ಬಿದ್ದಾಗಲೂ ನನ್ನ ಮುಖ ನೋಡುತ್ತಿದ್ದಳು.

ಊಟ ಅರಗಿದ ಮೇಲೆ ಕೆಲಸ ಹುಡುಕಲು ಹೊರಟೆ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಸಾಹೇಬರೊಬ್ಬರು ದೊಡ್ಡಪ್ಪ ಬೆಳೆದ ರೇಷ್ಮೆಗೂಡು ಕೊಳ್ಳುತ್ತಿದ್ದವರು, ನನಗೆ ಶಾಲು ಹೊದಿಸಿದವರು. ಅವರ ಘಟಕ ನೋಡಿಕೊಳ್ಳಲು ಜನ ಬೇಕಾ ಅಂತ ಸುತ್ತಿ ಬಳಸಿ ಕೇಳಿದೆ.

"ನಿಮ್ಗ್ಯಾಕಣ್ಣ ಈ ತಾಪತ್ರಯ? ರಿಟೈರ್ ಆಗಿದೀರಿ, ಆರಾಮಾಗಿರಿ" ಎಂದು ಟೀ ತರಿಸಿದರು.

ಕನಕಪುರದಲ್ಲೂ ಟೀ ಕೊಟ್ಟರು, ಮಾಗಡಿಯಲ್ಲೂ ಕೊಟ್ಟರು. ನನ್ನಷ್ಟು ಆರಾಮಾಗಿದ್ದವನು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಲ್ಲ.

ಪರಿಹಾರದ ದುಡ್ಡು ತಳ ಕಂಡ ದಿನ, ಇನ್ನು ಪಿಎಫ್‌ಗೆ ಅರ್ಜಿ ಹಾಕೋಣ ಎಂದೆ. ಹೆಂಡತಿ ಸೀರೆ ಬದಲಿಸಿ ಅಕ್ಕೂರಿನ ಬಸ್ಸು ಹತ್ತಿದಳು. ಹೆದರಿಕೊಂಡು ನಾನೂ ಹತ್ತಿದೆ. ದೊಡ್ಡಪ್ಪ ಡೇರಿಯ ಮುಂದೆ ಹಾಲು ಹಾಕಲು ನಿಂತಿದ್ದರು. ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಅವಳು ಅಂದಳು: "ಮಾವ, ಇವ್ರು ರಿಟೈರಾಗಿಲ್ಲ. ತೆಗೆದಾಕವ್ರೆ. ಇವ್ರಿಗೆ ಕೆಲ್ಸ ಬೇಕು."

ಸಾಲಿನಲ್ಲಿದ್ದ ಮುದುಕಿಯೊಬ್ಬಳು ನಕ್ಕಳು. "ಅದೇನ್ ಹೊಸಾ ಸುದ್ದಿಯೇನವ್ವ? ತಲೆಕೂದ್ಲು ಇನ್ನೂ ಕರ್ರಗೈತೆ, ಯಾರು ರಿಟೈರ್ ಮಾಡ್ತಾರೆ? ಊರಿಗೇ ಗೊತ್ತಿತ್ತು. ಹೇಳುದ್ರೆ ನಿಮ್ಗೆ ಬೇಜಾರಾಯ್ತದೆ ಅಂತ ಉಂಡು ಸುಮ್ಕಿದ್ವಿ."

ದೊಡ್ಡಪ್ಪ ನೆಲ ನೋಡುತ್ತಾ ಹೇಳಿದರು: "ಸಾಹೇಬ್ರಿಗೂ ಗೊತ್ತಿತ್ತು ಕಣಪ್ಪ. ಊಟದ್ ದಿನ್ವೇ ನನ್ನ ಕೇಳುದ್ರು, ಕೆಲ್ಸ ಕೊಡ್ಲಾ ಅಂತ. ರಿಟೈರಾದೋನು ಮಾರ್ನೇ ದಿನ ಕೂಲಿಗೆ ಹೋದ್ರೆ ಚೆಂದಾಗಿರಲ್ಲ ಅಂತ ನಾನೇ ಬ್ಯಾಡ ಅಂದೆ."

ಸಿಟ್ಟು ನೆತ್ತಿಗೇರಿತು. ಆದರೆ ಅಷ್ಟು ಜನರ ಮುಂದೆ ಆ ಮುದುಕ ಹಾಲಿನ ಕ್ಯಾನು ಕೆಳಗಿಟ್ಟು ಸಾಹೇಬರಿಗೆ ಫೋನು ಮಾಡುತ್ತಿದ್ದರು. ನನಗೆ ಅಳು ಬಂತು.

ಕೆಲಸ ಸಿಕ್ಕಿತು. ಸಂಬಳ ಹಳೆಯದರ ಅರ್ಧ. ಪಿಎಫ್ ಹಾಗೇ ಇದೆ. ಹೆಂಡತಿ ಮಾತ್ರ ದೊಡ್ಡಪ್ಪನ ಜೊತೆ ಇನ್ನೂ ಮಾತು ಬಿಟ್ಟಿದ್ದಾಳೆ.