ಬಾಗಿಲಲ್ಲಿ ಉಳಿದ ಹೆಸರು

ಜರ್ಮನಿಯ ಒಂದು ವೃದ್ಧಾಶ್ರಮದಲ್ಲಿ ಎರಡು ವರ್ಷ ನರ್ಸ್ ಆಗಿದ್ದವಳು, ಚಿತ್ರದುರ್ಗದಲ್ಲಿ ಕೆಲಸ ಸಿಕ್ಕಿತೆಂದು ಪಕ್ಕದ ನಮ್ಮೂರು ಮದಕರಿಪುರಕ್ಕೆ ಮರಳಿದ್ದೆ. ಕಲಿತ ಜರ್ಮನ್ ಭಾಷೆ ಮರೆಯದಿರಲೆಂದು, ಪರದೆಯ ಮೇಲೆ ಪುಸ್ತಕ ಓದುವ ಒಂದು ಇ-ರೀಡರನ್ನು ಜರ್ಮನಿಯಲ್ಲೇ ಕೊಂಡು ತಂದಿದ್ದೆ.

ಒಂದು ಮಧ್ಯಾಹ್ನ ಬೇವಿನ ನೆರಳಲ್ಲಿ ಕೂತು ಅದರಲ್ಲಿ ಅಲ್ಲಿನ ಆನ್‌ಲೈನ್ ಪುಸ್ತಕದಂಗಡಿಯ ಖಾತೆ ತೆರೆಯತೊಡಗಿದೆ. ಅದು ವಿಳಾಸ ಕೇಳಿತು. ಪಕ್ಕದಲ್ಲಿ ಕುರಿಯ ಉಣ್ಣೆ ಹಿಂಜುತ್ತಿದ್ದ ಅವ್ವ, "ನಮ್ಮೂರ ಹೆಸರು ಬರಿ" ಎಂದಳು. ಬರೆದೆ. ಜರ್ಮನಿಯ ವಿಳಾಸವೇ ಬೇಕೆಂದಿತು.

ಅಲ್ಲಿ ನನಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿಗೆ ಫೋನ್ ಮಾಡಿ, ನಿಮ್ಮ ಮನೆಯ ವಿಳಾಸ ಹಾಕಲೇ ಎಂದು ಕೇಳಿದೆ. ಅವರು, ಬಾಗಿಲ ಕರೆಗಂಟೆಯ ಪಕ್ಕ ಅಂಟಿಸಿದ್ದ ನಿನ್ನ ಹೆಸರಿನ ಚೀಟಿಯನ್ನು ಇನ್ನೂ ತೆಗೆದಿಲ್ಲ ಎಂದರು.

"ಏನಂತೆ?" ಅವ್ವ ಕೇಳಿದಳು.

"ನನ್ನ ಹೆಸರು ಇನ್ನೂ ಅವರ ಬಾಗ್ಲಾಗೇ ಐತಂತೆ."

ಅವ್ವನ ಕೈ ನಿಂತಿತು. "ಹಂಗಾರೆ ಅದೂ ನಿನ್ನ ಮನೇನೇ. ಅದನ್ನೇ ಬರಿ."

ಬೀದಿಯ ಹೆಸರು ಬರೆಯುವಾಗ, ಆ ಮನೆಯ ಮರದ ಮೆಟ್ಟಿಲುಗಳಿಗೆ ಹಚ್ಚಿದ ಮೇಣದ ವಾಸನೆ ಬೇವಿನ ಗಾಳಿಯಲ್ಲಿ ತೇಲಿಬಂದಂತಾಯಿತು. ಖಾತೆ ತೆರೆಯಿತು, ಮೊದಲ ಪುಸ್ತಕವೂ ಪರದೆಗೆ ಬಂತು.

"ಗಟ್ಟಿಯಾಗಿ ಓದು, ಕೇಳಾಣ" ಎಂದಳು ಅವ್ವ.

"ನಿಂಗೆ ತಿಳಿಯಲ್ಲವ್ವ."

"ತಿಳೀದಿದ್ರೇನು? ನೀನು ಅಲ್ಲಿ ಹೆಂಗೆ ಮಾತಾಡ್ತಿದ್ದೆ ಅಂತ ಗೊತ್ತಾಗ್ತೈತೆ."

ಹಿಮ ಬೀಳುವ ಊರೊಂದರ ಕತೆಯನ್ನು ನಾನು ನಿಧಾನವಾಗಿ ಓದುತ್ತಾ ಹೋದೆ. ಅವ್ವ ಉಣ್ಣೆಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಪ್ರತಿ ವಾಕ್ಯಕ್ಕೂ ಹೂಂಗುಟ್ಟಿದಳು.